ಮೈ ತಾಯಿ ಯಾರ ಮಗು?

ಹೋದ ತಿಂಗಳು ರಿಲೀಸ್ ಮುಗಿದ ಖುಷಿಗೆ ಟೀಮಿನವರೆಲ್ಲ ಊಟಕ್ಕೆ ಹೋಗಿದ್ದೆವು. ಮೆನುವಿನಲ್ಲಿ 'ಮೈ ತಾಯಿ' ಅಂತ ಒಂದು ರಮ್ ಕಾಕ್‌ಟೇಲ್ ಇತ್ತು. ಅಚ್ಚ ಕನ್ನಡದ ಹೆಸರಿನ ಹಾಗೇ ಕೇಳಿಸುತ್ತೆ ಅಲ್ವಾ? :-) ಪಕ್ಕದಲ್ಲಿದ್ದ ಗೆಳೆಯ "ಥಾಯ್ಲೆಂಡಿಂದು ಇರ್ಬೇಕು ಕಣೋ" ಅಂದ. ನಾನೂ ತಲೆಯಾಡಿಸಿದೆ. ಆಮೇಲೆ ಹುಡುಕಿ ನೋಡಿದರೆ ಥಾಯ್ಲೆಂಡಿಗೂ ಇದಕ್ಕೂ ಸಂಬಂಧವೇ ಇಲ್ಲ!

ಕಥೆ ನಡೆದದ್ದು 1944ರಲ್ಲಿ, ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ. ವಿಕ್ಟರ್ ಬರ್ಜೆರಾನ್ ಎಂಬಾತ ಅಲ್ಲಿ 'ಟ್ರೇಡರ್ ವಿಕ್ಸ್' ಎಂಬ ಹೋಟೆಲು ನಡೆಸುತ್ತಿದ್ದ. ಚಿಕ್ಕಂದಿನಲ್ಲೇ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡಿದ್ದ ಮನುಷ್ಯ. ಜಮೈಕಾದ 17 ವರ್ಷ ಹಳೆಯ ರೇ ಅಂಡ್ ನೆಫ್ಯೂ ರಮ್ ಅವನ ಕೈಗೆ ಬಂದಿತ್ತು. ಅಂಥ ರಮ್ಮಿಗೆ ಹೆಚ್ಚೇನೂ ಸುರಿದು ಕೆಡಿಸಬಾರದು ಅಂತ ನಿಂಬೆರಸ, ಡಚ್ಚರ ಕಿತ್ತಳೆ ಮದ್ಯ ಕ್ಯುರಸಾವ್, ಕಲ್ಲುಸಕ್ಕರೆ ಪಾಕ ಮತ್ತು ಫ್ರೆಂಚರ ಬಾದಾಮಿ ಶರಬತ್ತು ಓರ್ಜಾ, ಇಷ್ಟನ್ನೇ ಹಾಕಿ ಐಸಿನ ಜೊತೆ ಕುಲುಕಿದ. (ಈ ಓರ್ಜಾ ಅನ್ನೋ ಹೆಸರು ಬಂದದ್ದು ಬಾರ್ಲಿಯಿಂದ. ಬಾರ್ಲಿ ಯಾವತ್ತೋ ಹೋಯ್ತು, ಹೆಸರು ಮಾತ್ರ ಉಳೀತು.)

ಆ ಹೊತ್ತಿಗೆ ತಾಹಿತಿ ದ್ವೀಪದಿಂದ ಗಿಲ್ಡ್ ದಂಪತಿ ಬಂದಿದ್ದರು, ವಿಕ್ಟರನ ಗೆಳೆಯರು. ಮೊದಲ ಗುಟುಕು ಕುಡಿದ ಕ್ಯಾರಿ ಗಿಲ್ಡ್ 'ಮೈತಾಇ ರೋಆ ಅಎ' ಅಂತ ಉದ್ಗರಿಸಿದಳಂತೆ. ತಾಹಿತಿ ಭಾಷೆಯಲ್ಲಿ 'ಮೈತಾಇ' ಅಂದರೆ ಒಳ್ಳೆಯದು, 'ರೋಆ' ಅಂದರೆ ಬಹಳ. ಹೆಸರು ಅಲ್ಲೇ ಸಿಕ್ಕಿಬಿಟ್ಟಿತು.

ನನಗೆ ಕುಡಿತಕ್ಕಿಂತ ಈ ಪದದ ಮೇಲೇ ಆಸೆ ಹುಟ್ಟಿತು. 'ತಾ' ಮತ್ತು 'ಇ' ನಡುವೆ ಗಂಟಲಲ್ಲಿ ಉಸಿರನ್ನು ಒಂದು ಕ್ಷಣ ತಡೆಯಬೇಕು. ಹಿಂದೆ ಅಲ್ಲಿ 'ಕ' ಇತ್ತು; ಮೂಲರೂಪ 'ಮೈತಾಕಿ'. ಹವಾಯಿಯಲ್ಲಿ ಅದೇ ಪದ 'ಮೈಕಾಇ' ಆಗಿದೆ, ಯಾಕೆಂದರೆ ಅವರ ನಾಲಗೆಯಲ್ಲಿ ಹಳೆಯ 'ತ' ಎಲ್ಲ 'ಕ' ಆಗುತ್ತೆ. ಹಳಗನ್ನಡದ 'ಪಾಲ್' ನಮಗೆ 'ಹಾಲು' ಆದ ಹಾಗೆ. ಆದ್ದರಿಂದ ಇದು ಹವಾಯಿಯ ಪಾನೀಯ ಅನ್ನುವವರಿಗೆ ಹೆಸರೇ ಉತ್ತರ ಹೇಳುತ್ತೆ.

ಹವಾಯಿಗೆ ಅದು ಹೋದದ್ದು 1953ರಲ್ಲಿ. ಮ್ಯಾಟ್ಸನ್ ಹಡಗು ಕಂಪನಿಯವರು ತಮ್ಮ ರಾಯಲ್ ಹವಾಯಿಯನ್ ಹೋಟೆಲಿಗೆ ವಿಕ್ಟರನನ್ನು ಕರೆಸಿಕೊಂಡರು. ಆಮೇಲೆ ಅಲ್ಲಿ ಅನಾನಸ್ ರಸ ಸೇರಿತು, ಹೂವು ಬಂತು, ಚಿಕ್ಕ ಕಾಗದದ ಕೊಡೆ ಬಂತು. ಅಷ್ಟರಲ್ಲಿ ಆ 17 ವರ್ಷದ ರಮ್ಮೂ ಖಾಲಿ. ವಿಕ್ಟರ್ ಬೇರೆ ಬೇರೆ ರಮ್ ಬೆರೆಸಿ ಹಳೆಯ ರುಚಿ ತರಲು ಒದ್ದಾಡಿದ.

ತಕರಾರು ಇಲ್ಲದೆ ಇರುತ್ತಾ? ಹಾಲಿವುಡ್‌ನಲ್ಲಿ ಇಂಥದೇ ಹೋಟೆಲು ಇಟ್ಟಿದ್ದ ಡಾನ್ ಬೀಚ್ ಕಡೆಯವರು, ಇದು 1930ರ ದಶಕದಲ್ಲೇ ನಮ್ಮಲ್ಲಿತ್ತು, ವಿಕ್ಟರ್ ಕದ್ದ ಅಂದರು. ಡಾನ್‌ನ ಹೆಸರಲ್ಲಿ ಮೈ ತಾಯಿ ಮಿಕ್ಸ್ ಮಾರಲು ಹೊರಟ ಕಂಪನಿಯ ಮೇಲೆ ವಿಕ್ಟರ್ ಕೇಸು ಹಾಕಿದ. 1970ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಡಾನ್‌ನ ಒಂದು ಹಳೆಯ ಪಾನೀಯಕ್ಕೂ ಇದಕ್ಕೂ ರುಚಿಯಲ್ಲಿ ಹೋಲಿಕೆ ಇತ್ತು ಅಂತಾರೆ, ಆದರೆ ಸಾಮಾನುಗಳ ಪಟ್ಟಿ ಬೇರೆ. ಔಟ್‌ಪುಟ್ ಒಂದೇ ಇದ್ದರೆ ಕೋಡ್ ಕದ್ದ ಅಂತ ಆಗುತ್ತಾ? ಹಾಗಾಗಿ ನಾನು ವಿಕ್ಟರನ ಪಕ್ಷ. ಆದರೆ ಹೆಸರಿನ ಪಾಲು ಅವನದೂ ಅಲ್ಲ, ತಾಹಿತಿಯವರದು. ಕ್ಯಾಲಿಫೋರ್ನಿಯಾದವನು ಬೆರೆಸಿದ ಜಮೈಕಾದ ರಮ್ಮಿನಲ್ಲಿ ಆ ದ್ವೀಪದ್ದು ಅಂತ ಇದ್ದದ್ದು ಆ ಒಂದು ಮಾತು ಮಾತ್ರ.

ಮೊನ್ನೆ ಶನಿವಾರ ಅದೇ ಜಾಗಕ್ಕೆ ಹೋಗಿ, "ಅನಾನಸ್ ಹಾಕದೆ ಮಾಡ್ಕೊಡಿ" ಅಂದೆ. ವೇಟರ್ ನನ್ನನ್ನೇ ನೋಡಿ, "ಅನಾನಸ್ ಇಲ್ದೆ ಮೈ ತಾಯಿ ಹೆಂಗಾಗುತ್ತೆ ಸಾರ್?" ಅಂದ.