ಕಾಗಿಣಾ ತೀರದ ಶಿಲೆಯೂ ಕೃತಕಬುದ್ಧಿಯೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಸ್ಥಳಗಳು ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿರುವವು. ಈ ಪ್ರಾಂತದ ಬಹುಭಾಗದಲ್ಲಿ ನೆಲದ ಕೆಳಗೆ, ಓಲೆಗರಿಯ ಕಟ್ಟಿನಲ್ಲಿ ಪತ್ರಗಳು ಜೋಡಿಸಿದಂತೆ, ಪದರಪದರವಾಗಿ ಸುಣ್ಣಶಿಲೆಯು ಹರಡಿಕೊಂಡಿದೆ. ಭೂಗರ್ಭಶಾಸ್ತ್ರಜ್ಞರು ಈ ಶಿಲಾಸಮೂಹಕ್ಕೆ ಭೀಮಾನದಿಯ ಹೆಸರನ್ನಿಟ್ಟಿರುವರು. ರಾಬರ್ಟ್ ಬ್ರೂಸ್ ಫೂಟನು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಣೆಯುಂಟು. ಕೃತಕಬುದ್ಧಿಯು ದೇಶಗಳ ಸಂಪತ್ತನ್ನೂ ಉದ್ಯಮಗಳನ್ನೂ ಹೇಗೆ ಮಾರ್ಪಡಿಸುತ್ತಿರುವುದೆಂಬ ಚರ್ಚೆ ನಡೆಯುವಾಗ ಕಲ್ಲು ಸುಣ್ಣಗಳ ಈ ನಾಡನ್ನು ಯಾರೂ ನೆನೆಯುವುದಿಲ್ಲ; ಬೆಂಗಳೂರಿನ ಹೆಸರು ಮಾತ್ರ ಬರುತ್ತದೆ. ಆದರೆ ಈ ಮಾರ್ಪಾಟಿನ ಪೂರ್ವಚರಿತ್ರೆಯನ್ನು ಪರಿಶೀಲಿಸುವವರಿಗೆ ಕಾಗಿಣಾ ತೀರದಷ್ಟು ಸ್ಪಷ್ಟವಾದ ನಿದರ್ಶನವು ಬೇರೆಡೆ ದೊರೆಯುವುದು ಕಷ್ಟ.

ಈ ಶಿಲೆಯನ್ನು ಮೊದಲು ಬಲ್ಲವನು ಶಿಲ್ಪಿ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1994ರಿಂದ ಮುಂದೆ ನಡೆದ ಉತ್ಖನನದಲ್ಲಿ ಹೊರಬಂದ ಮಹಾಚೈತ್ಯವು ಈ ನೆಲದ ಸುಣ್ಣಶಿಲೆಯದೇ. ಅಲ್ಲಿಯ ಒಂದು ಫಲಕದಲ್ಲಿ ಅಶೋಕ ಮಹಾರಾಜನ ಪ್ರತಿಮೆಯೂ ಅದರ ಮೇಲೆ ಅವನ ಹೆಸರೂ ಇರುವುದು ವಿದ್ವಾಂಸರಿಗೆ ಸುವಿದಿತವಾಗಿದೆ. ಉಳಿ ಎಲ್ಲಿ ನಾಟುವುದು, ಪದರವು ಎಲ್ಲಿ ಸೀಳುವುದು ಎಂಬ ಅರಿವು ಆ ಶಿಲ್ಪಿಗಳ ಕೈಯಲ್ಲಿತ್ತು. ಅದಕ್ಕೆ ಗ್ರಂಥದ ಹಂಗಿರಲಿಲ್ಲ.

ಮುಂದೆ ಒಂಬತ್ತನೆಯ ಶತಮಾನದಲ್ಲಿ ಸೇಡಂ ತಾಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆಯಿತು. ಅರಬ ವರ್ತಕನಾದ ಸುಲೈಮಾನನ 851ರ ವೃತ್ತಾಂತದಲ್ಲಿ ಬಲ್ಹರಾ ರಾಜನನ್ನು ಖಲೀಫ, ಚೀನಚಕ್ರವರ್ತಿ, ರೂಮಿನ ದೊರೆ ಇವರೊಡನೆ ಲೋಕದ ನಾಲ್ವರು ಮಹಾರಾಜರ ಪಂಕ್ತಿಯಲ್ಲಿ ಎಣಿಸಿದೆ. ಅಮೋಘವರ್ಷ ನೃಪತುಂಗನ ಆ ಕಾಲದಲ್ಲಿ ಎರಡು ಗ್ರಂಥಗಳು ಹುಟ್ಟಿದುವು. ಒಂದು, ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಪ್ರಕಾರಗಳೆಷ್ಟೆಂಬುದಕ್ಕೆ ಸಾಮಾನ್ಯಸೂತ್ರವನ್ನು ಕೊಟ್ಟ ಈ ಗ್ರಂಥವನ್ನು ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಪ್ರಕಟಪಡಿಸಿದರು. ಇನ್ನೊಂದು, 1898ರಲ್ಲಿ ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ ಅಚ್ಚಾದ ಕವಿರಾಜಮಾರ್ಗ. ಇಲ್ಲಿ ಪ್ರಸಕ್ತವಾದುದು ಎರಡನೆಯದು. ಕನ್ನಡಿಗರು ಓದಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಒಪ್ಪಿ, ಆ ಪ್ರಯೋಗದ ಗುಣದೋಷಗಳನ್ನು ವಿವೇಚಿಸಿ, ಕನ್ನಡದಲ್ಲಿಯೇ ಲಕ್ಷಣವನ್ನು ಕಟ್ಟಿದ ಗ್ರಂಥವಿದು. ಲಕ್ಷ್ಯವು ಜನರದು, ಲಕ್ಷಣವೂ ಅವರ ನುಡಿಯಲ್ಲಿಯೇ ಉಳಿಯಿತು. ಈ ಮಾತನ್ನು ಮುಂದಿನ ಕಥೆಗಾಗಿ ನೆನಪಿನಲ್ಲಿಡತಕ್ಕದ್ದು. ಮಾನ್ಯಖೇಟವು 972ರಲ್ಲಿ ಪರಮಾರ ಸೀಯಕನಿಂದ ಸೂರೆಹೋಯಿತು.

ಭಾರವಾದ ಕಲ್ಲು ದೂರದೇಶದ ಪಣ್ಯವಾಗಬೇಕಾದರೆ ಬಂಡಿಯ ದಾರಿ ಸಾಲದು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು 1871ರಲ್ಲಿ ರಾಯಚೂರನ್ನು ಮುಟ್ಟಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗವು 1874ರಲ್ಲಿ ತೆರೆಯಿತು. ಅಲ್ಲಿಂದ ಶಹಾಬಾದದ ಹಾಸುಗಲ್ಲು ದೂರದೂರದ ಮನೆಗಳ ನೆಲವಾಯಿತು. ಬಳಿಕ ಅದೇ ಕಲ್ಲನ್ನು ಅರೆದು ಸುಡುವ ಕಾಲ ಬಂದಿತು. ಶಹಾಬಾದದ ಸಿಮೆಂಟು ಕಂಪನಿಯು 1936ರಲ್ಲಿ ಎ.ಸಿ.ಸಿ. ಎಂಬ ಮುಂಬಯಿಯ ಮಹಾಸಂಸ್ಥೆಯಲ್ಲಿ ವಿಲೀನವಾಯಿತು. ವಾಡಿಯಲ್ಲಿ 1960ರ ದಶಕದಲ್ಲಿಯೂ, ಮಳಖೇಡ ಸೇಡಂಗಳಲ್ಲಿ 1980ರ ದಶಕದಲ್ಲಿಯೂ ದೊಡ್ಡ ಕಾರ್ಖಾನೆಗಳು ಎದ್ದವು. ಚಿತ್ತಾಪುರ ಚಿಂಚೋಳಿಗಳ ಸರದಿ ಈ ಶತಮಾನದಲ್ಲಿ ಬಂದಿತು. ಚಿಂಚೋಳಿ ತಾಲೂಕಿನ ಛತ್ರಸಾಲದ ಕಾರ್ಖಾನೆಯು ಫ್ರಾನ್ಸ್ ದೇಶದ ವಿಕಾ ಸಂಸ್ಥೆಗೆ ಸೇರಿದುದು. ಆ ಸಂಸ್ಥೆಗೆ ಹೆಸರು ಬಂದುದು ಲೂಯಿ ವಿಕಾ ಎಂಬ ಎಂಜಿನಿಯರನಿಂದ. ಸುಣ್ಣಕ್ಕೆ ಜೇಡಿಯನ್ನು ಬೆರಸಿ ಸುಟ್ಟು ನೀರಿನಲ್ಲಿ ಗಟ್ಟಿಯಾಗುವ ‘ಕೃತಕ’ ಸಿಮೆಂಟನ್ನು ಮಾಡುವ ಕ್ರಮವನ್ನು ಅವನು 1817ರಲ್ಲಿ ಸಾಧಿಸಿದನು. ಹೀಗೆ ಕೃತಕವೆಂಬ ವಿಶೇಷಣವು ಬುದ್ಧಿಗಿಂತ ಬಹು ಮೊದಲೇ ಸಿಮೆಂಟಿಗೆ ಅಂಟಿದ್ದಿತು. ನಮ್ಮ ತಾರ್ಕಿಕರಲ್ಲಿ ಕೃತಕತ್ವವು ಅನಿತ್ಯತ್ವವನ್ನು ಸಾಧಿಸುವ ಹೇತು. ಯಂತ್ರಬುದ್ಧಿಯನ್ನು ಸರ್ವಜ್ಞಪದವಿಗೇರಿಸುವವರು ಆ ಅನುಮಾನವನ್ನು ಒಮ್ಮೆ ನೆನೆದರೆ ಒಳ್ಳೆಯದು.

ಇನ್ನು ಪ್ರಕೃತಕ್ಕೆ ಬರೋಣ. ಸಿಮೆಂಟಿನ ಕುಲುಮೆಯೆಂದರೆ ಓರೆಯಾಗಿ ಮಲಗಿ ನಿಧಾನವಾಗಿ ಉರುಳುವ ಉಕ್ಕಿನ ಕೊಳವೆ. ಒಂದು ತುದಿಯಲ್ಲಿ ಅರೆದ ಕಚ್ಚಾಪುಡಿ ಒಳಹೋಗುತ್ತದೆ. ಇನ್ನೊಂದು ತುದಿಯ ಜ್ವಾಲೆಯೆಡೆಗೆ ಸರಿಯುತ್ತ ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೆಂದು ಕ್ಲಿಂಕರೆಂಬ ಗಟ್ಟಿಯಾಗುತ್ತದೆ. ಉರಿ ಕಡಿಮೆಯಾದರೆ ಸುಣ್ಣವು ಬೇಯದೆ ಉಳಿದು ಸಿಮೆಂಟು ಕೆಡುವುದು. ಹೆಚ್ಚಾದರೆ ಇಂಧನವೂ ಒಳಪದರದ ಇಟ್ಟಿಗೆಯೂ ಹಾಳು. ಇಂದು ಮಾಡಿದ ತಿದ್ದುಪಡಿಯ ಫಲವು ಬಹಳ ಹೊತ್ತಿನ ಮೇಲೆ ಕಾಣುವುದರಿಂದ ಸಮೀಕರಣಗಳಿಂದ ಈ ಕುಲುಮೆಯನ್ನು ಹಿಡಿತಕ್ಕೆ ತರುವ ಪ್ರಯತ್ನಗಳು ಬಹುಕಾಲ ಸೋತವು. ಅದನ್ನು ಬಲ್ಲವನು ಉರಿಗಾರನೊಬ್ಬನೇ. ಬಣ್ಣದ ಗಾಜಿನ ಮರೆಯಿಂದ ಜ್ವಾಲೆಯನ್ನು ನೋಡಿ, ಬೆಂದ ರಾಶಿಯು ಕೊಳವೆಯ ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಏರಿ ಬೀಳುವುದೆಂಬುದನ್ನು ಗಮನಿಸಿ ಅವನು ಇಂಧನವನ್ನೂ ಗಾಳಿಯನ್ನೂ ಹೊಂದಿಸುತ್ತಿದ್ದನು.

ಲೋಟ್ಫಿ ಜಾದೆಯು 1965ರಲ್ಲಿ ಒಂದು ಹೊಸ ಗಣಿತವನ್ನು ಮುಂದಿಟ್ಟನು. ‘ಸ್ವಲ್ಪ ಬಿಸಿ’, ‘ತುಸು ಹೆಚ್ಚು’ ಎಂಬಂಥ ಅಂಚಿಲ್ಲದ ಮಾತುಗಳನ್ನು ಲೆಕ್ಕಕ್ಕೆ ಒಳಪಡಿಸುವ ಈ ಶಾಸ್ತ್ರವು ಫಜ್ಜಿ ತರ್ಕವೆಂದು ಪ್ರಸಿದ್ಧವಾಗಿದೆ. ಡೆನ್ಮಾರ್ಕಿನ ಎಫ್.ಎಲ್. ಸ್ಮಿತ್ ಸಂಸ್ಥೆಯಲ್ಲಿ ಹೋಲ್ಮ್‌ಬ್ಲಾಡ್ ಮತ್ತು ಓಸ್ಟರ್‌ಗಾರ್ಡ್ ಎಂಬವರು ಇದನ್ನು ಕುಲುಮೆಗೆ ಅನ್ವಯಿಸಿ 1982ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಉದ್ಯಮದಲ್ಲಿ ಈ ತರ್ಕದ ಮೊತ್ತಮೊದಲ ಪ್ರಯೋಗಗಳಲ್ಲಿ ಇದು ಒಂದು. ಅವರು ಆಧಾರವಾಗಿ ಹಿಡಿದುದು ಉರಿಗಾರರ ಶಿಕ್ಷಣಕ್ಕೆಂದು ಬರೆದಿದ್ದ ಕೈಪಿಡಿಯ ವಿಧಿಗಳನ್ನು: ಉರಿವಲಯವು ತಣ್ಣಗಿದ್ದು ಹೊಗೆಯಲ್ಲಿ ಆಮ್ಲಜನಕವು ಕಡಿಮೆಯಿದ್ದರೆ ಹೀಗೆ, ಹೆಚ್ಚಿದ್ದರೆ ಹಾಗೆ, ಎಂಬ ಕ್ರಮದಲ್ಲಿ. ವ್ಯಾಕರಣವನ್ನು ಬಲ್ಲವರಿಗೆ ಇದು ಹೊಸತಲ್ಲ. ಶಿಷ್ಟರ ಪ್ರಯೋಗವನ್ನು ನೋಡಿ ಸೂತ್ರವನ್ನು ಹೊಸೆಯುವ ಕೆಲಸವೇ ಇದು. ಇತ್ತೀಚಿನ ಕೃತಕಬುದ್ಧಿಯಾದರೋ ಸೂತ್ರವನ್ನೂ ಬಿಟ್ಟು, ಕುಲುಮೆಯ ಅಸಂಖ್ಯ ದಾಖಲೆಗಳೆಂಬ ಲಕ್ಷ್ಯದಿಂದಲೇ ನೇರವಾಗಿ ಕಲಿಯುತ್ತದೆ. ಭಾರತದ ದೊಡ್ಡ ಕಾರ್ಖಾನೆಗಳಲ್ಲಿಯೂ ಇಂಥ ನಿಯಂತ್ರಣವು ನೆಲೆಗೊಂಡಿದೆ. ಕ್ಲಿಂಕರಿನ ಗುಣವು ಏಕರೀತಿಯಾಗುವುದು, ಇಂಧನವು ಉಳಿಯುವುದು, ಆದ್ದರಿಂದ ಮಾರುಕಟ್ಟೆಯ ಸ್ಪರ್ಧೆಯಲ್ಲಿ ಬಲ ಬರುವುದು. ಸಿಮೆಂಟಿನ ಉತ್ಪಾದನೆಯಲ್ಲಿ ಚೀನದ ನಂತರ ಎರಡನೆಯ ಸ್ಥಾನದಲ್ಲಿರುವ ಭಾರತಕ್ಕೆ ಈ ಉಳಿತಾಯವು ಅಲ್ಪವಲ್ಲ.

ಕೃತಕಬುದ್ಧಿಯೆಂಬ ಹೆಸರನ್ನು ಪ್ರಸಿದ್ಧಿಗೆ ತಂದ ಡಾರ್ಟ್‌ಮತ್ ಗೋಷ್ಠಿಯು 1956ರ ಬೇಸಗೆಯಲ್ಲಿ ಅಮೆರಿಕದಲ್ಲಿ ನಡೆಯಿತು. ಅದೇ ವರ್ಷದ ನವೆಂಬರ್ 1ರಂದು ಈ ತಾಲೂಕುಗಳು ಹೈದರಾಬಾದ್ ರಾಜ್ಯದಿಂದ ಕನ್ನಡ ರಾಜ್ಯಕ್ಕೆ ಬಂದುವು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೆ ಎರಡರ ಫಲವನ್ನೂ ಒಟ್ಟಿಗೆ ತೂಗಬಹುದು. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳೆಂದು ಎಣಿಸಿತು. ಆಗ ವಾಡಿ ಶಹಾಬಾದಗಳೆರಡೂ ಚಿತ್ತಾಪುರ ತಾಲೂಕಿನೊಳಗೇ ಇದ್ದುವು. ರಾಷ್ಟ್ರದ ಸಿಮೆಂಟಿನಲ್ಲಿ ಗಣ್ಯವಾದ ಪಾಲನ್ನು ಕೊಡುವ ನೆಲವು ಆ ಪಟ್ಟಿಯಲ್ಲಿದ್ದುದು ವಿಸ್ಮಯಕರ. ಶಿಲೆಯಿಂದಲೇ ಸಿರಿ ಬರುವುದೆಂಬ ವಾದವು ಇಲ್ಲಿ ನಿಲ್ಲುವುದಿಲ್ಲ. ಕಾರ್ಖಾನೆಗಳ ಒಡೆತನವೂ ಮೇಲೆ ಮೇಲೆ ಕೈ ಬದಲಿಸಿದೆ: ಎ.ಸಿ.ಸಿ.ಯು 2022ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್‌ನಿಂದ ಅದಾನಿ ಸಮೂಹಕ್ಕೂ, ಸೇಡಮಿನ ವಾಸವದತ್ತಾ 2025ರಲ್ಲಿ ಅಲ್ಟ್ರಾಟೆಕ್ ಸಂಸ್ಥೆಗೂ ಸೇರಿದವು. ಕೇಂದ್ರಸರಕಾರವು 2024ರ ಮಾರ್ಚಿಯಲ್ಲಿ ಕೃತಕಬುದ್ಧಿಯ ರಾಷ್ಟ್ರೀಯ ಯೋಜನೆಗೆ ಸುಮಾರು 10,372 ಕೋಟಿ ರೂಪಾಯಿಗಳನ್ನು ಒಪ್ಪಿತು. ಲೆಕ್ಕಹಾಕುವ ಯಂತ್ರಗಳನ್ನು ಒದಗಿಸುವುದು ಅದರ ಒಂದು ಮುಖ್ಯ ಅಂಗ. ರಾಷ್ಟ್ರಗಳ ತಾರತಮ್ಯವನ್ನು ಇಂದು ಆ ಯಂತ್ರಗಳಿಂದ ಅಳೆಯುವರು. ಅವುಗಳಿಗೆ ಉಣಿಸುವ ಲಕ್ಷ್ಯವು ಯಾರದೆಂಬ ಪ್ರಶ್ನೆಯು ಅಷ್ಟೊಂದು ಕೇಳಿಬರುವುದಿಲ್ಲ. ಮಾನ್ಯಖೇಟದ ಲಕ್ಷಣಕಾರನು ಜನರಿಂದ ಪಡೆದುದನ್ನು ಜನರ ನುಡಿಯಲ್ಲಿಯೇ ಮರಳಿಸಿದನು. ಉರಿಗಾರನ ಕಣ್ಣಿನಿಂದ ಪಡೆದ ಸೂತ್ರವು ಉರಿಗಾರನಿಗೆ ಮರಳಲಿಲ್ಲ.

ಶಹಾಬಾದದ ಸುತ್ತಲಿನ ಹಾಸುಗಲ್ಲಿನ ಗಣಿಗಳ ಸ್ಥಿತಿ ಬೇರೆ. ಹೊಳಪಿನ ಕೃತಕ ಹಾಸುಗಳು ಬಂದ ಮೇಲೆ ಆ ಕಲ್ಲಿಗೆ ಬೇಡಿಕೆ ಕುಗ್ಗಿದೆ. ಆದರೂ ಚಪ್ಪಡಿಯನ್ನು ಸೀಳುವವನ ವಿದ್ಯೆಯನ್ನು ಇನ್ನೂ ಯಾವ ಯಂತ್ರವೂ ಕೊಂಡೊಯ್ದಿಲ್ಲ. ಅವನು ಸುತ್ತಿಗೆಯಿಂದ ಬಂಡೆಯನ್ನು ಮೆಲ್ಲಗೆ ತಟ್ಟಿ ಕಿವಿಗೊಡುತ್ತಾನೆ. ನಾದವು ಕಂಚಿನಂತೆ ಬಂದರೆ ಪದರವು ಅಖಂಡ. ಮಂದವಾಗಿ ಬಂದರೆ ಒಳಗೆ ಬಿರುಕುಂಟು. ಕನ್ನಡ, ಉರ್ದು, ತೆಲುಗು ಬೆರೆತ ಮಾತಿನಲ್ಲಿ ಅವನು ಅದನ್ನು ಪಕ್ಕದ ಹುಡುಗನಿಗೆ ಹೇಳಿ, ಉಳಿಯನ್ನು ಇಡಬೇಕಾದ ಎಡೆಯನ್ನು ಬೆರಳಿನಿಂದ ತೋರಿಸುತ್ತಾನೆ.