ಏನಿದು ‘ವರ್ಮಿನ್’? ಈ ಪಟ್ಟ ಸಿಕ್ಕರೆ ಕಾಡುಪ್ರಾಣಿಗೆ ರಕ್ಷಣೆ ಇಲ್ಲ!

ಬೆಳೆ ಹಾಳು ಮಾಡುವ ಕಾಡುಹಂದಿಗೆ ಗುಂಡು ಹೊಡೆಯಬಹುದೇ? ಈ ಚರ್ಚೆ ಬಂದಾಗಲೆಲ್ಲ ಕೇಳಿಬರುವ ಇಂಗ್ಲಿಷ್ ಪದ ‘ವರ್ಮಿನ್’. ಇದರ ಅರ್ಥವೇನು, ಕಾನೂನು ಏನು ಹೇಳುತ್ತದೆ? ಇಲ್ಲಿದೆ ಮಾಹಿತಿ.

ಪದದ ಅರ್ಥ

ಹುಳು ಎಂಬರ್ಥದ ಲ್ಯಾಟಿನ್‌ನ ‘ವರ್ಮಿಸ್’ ಈ ಪದದ ಮೂಲ. ಬೆಳೆ, ದವಸಧಾನ್ಯ ಹಾಳು ಮಾಡುವ ಅಥವಾ ರೋಗ ಹರಡುವ ಇಲಿ, ಹೆಗ್ಗಣ, ಹೇನು, ತಿಗಣೆಗಳನ್ನು ಹೀಗೆ ಕರೆಯುತ್ತಾರೆ. ಕನ್ನಡದಲ್ಲಿ ‘ಉಪದ್ರವಕಾರಿ ಪ್ರಾಣಿ’ ಎನ್ನಬಹುದು. ಇದು ಯಾವುದೇ ಜೀವಿಯ ಜಾತಿಯ ಹೆಸರಲ್ಲ. ಅದರಿಂದ ಮನುಷ್ಯನಿಗೆ ಆಗುವ ನಷ್ಟವನ್ನು ಸೂಚಿಸುವ ಪದ. ಮನುಷ್ಯರಿಗೆ ಬಳಸಿದರೆ ಅದು ಕೀಳು ಬೈಗುಳ.

ಕಾನೂನಿನಲ್ಲಿ ಏನಿದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಷೆಡ್ಯೂಲ್ ವರ್ಮಿನ್‌ಗಳಿಗೇ ಮೀಸಲಾಗಿತ್ತು. ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿ, ಹೆಗ್ಗಣ ಅದರಲ್ಲಿದ್ದವು. 2022ರ ತಿದ್ದುಪಡಿ ಈ ಪಟ್ಟಿಯನ್ನೇ ಕೈಬಿಟ್ಟಿತು. ಆದರೆ ಸೆಕ್ಷನ್ 62 ಉಳಿದಿದೆ. ಅದರಂತೆ ಎರಡನೇ ಷೆಡ್ಯೂಲ್‌ನಲ್ಲಿರುವ ಪ್ರಾಣಿಯನ್ನು ನಿರ್ದಿಷ್ಟ ಪ್ರದೇಶ ಹಾಗೂ ನಿರ್ದಿಷ್ಟ ಅವಧಿಗೆ ವರ್ಮಿನ್ ಎಂದು ಘೋಷಿಸಬಹುದು. ಈ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ ಮಾತ್ರ. ಆನೆ, ಹುಲಿ, ಚಿರತೆ ಮೊದಲನೇ ಷೆಡ್ಯೂಲ್‌ನಲ್ಲಿರುವುದರಿಂದ ಕೊಡಗು, ಹಾಸನದಲ್ಲಿ ಕಾಫಿ ತೋಟಕ್ಕೆ ನುಗ್ಗುವ ಆನೆಗಳಿಗೆ ಇದು ಅನ್ವಯಿಸುವುದಿಲ್ಲ.

ಎಲ್ಲೆಲ್ಲಿ ಘೋಷಣೆಯಾಗಿತ್ತು?

2015ರ ಡಿಸೆಂಬರ್‌ನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲ್‌ಗಾಯ್ ಮತ್ತು ಕಾಡುಹಂದಿ, 2016ರಲ್ಲಿ ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲ ಪ್ರದೇಶದಲ್ಲಿ ರೀಸಸ್ ಮಂಗಗಳನ್ನು ಅರಣ್ಯದ ಹೊರಗೆ ಒಂದು ವರ್ಷದ ಮಟ್ಟಿಗೆ ವರ್ಮಿನ್ ಎಂದು ಘೋಷಿಸಲಾಗಿತ್ತು. 2016ರ ಜೂನ್‌ನಲ್ಲಿ ಬಿಹಾರದ ಮೊಕಾಮದಲ್ಲಿ 200ಕ್ಕೂ ಹೆಚ್ಚು ನೀಲ್‌ಗಾಯ್‌ಗಳು ಗುಂಡಿಗೆ ಬಲಿಯಾದವು. ಆಗ ಸಚಿವೆಯಾಗಿದ್ದ ಮೇನಕಾ ಗಾಂಧಿ ಇದನ್ನು ಬಹಿರಂಗವಾಗಿ ಟೀಕಿಸಿದರೆ, ರಾಜ್ಯಗಳ ಮನವಿಯಂತೆ ಅನುಮತಿ ನೀಡಲಾಗಿದೆ ಎಂದು ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ಸಮರ್ಥಿಸಿಕೊಂಡರು.

ಕಾಡುಹಂದಿಯನ್ನು ವರ್ಮಿನ್ ಎಂದು ಘೋಷಿಸುವಂತೆ ಕೇರಳ ಪದೇ ಪದೇ ಕೇಳಿದರೂ ಕೇಂದ್ರ ಒಪ್ಪಿಲ್ಲ. ಹೀಗಾಗಿ 2022ರಲ್ಲಿ ಕೇರಳ ಸರ್ಕಾರ, ಹಾವಳಿ ಮಾಡುವ ಹಂದಿಗಳನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು.

ನೆನಪಿಡಿ

ಆಡುಮಾತಿನಲ್ಲಿ ಯಾವ ಪ್ರಾಣಿಯನ್ನಾದರೂ ವರ್ಮಿನ್ ಎನ್ನಬಹುದು. ಆದರೆ ಅಧಿಸೂಚನೆ ಅಥವಾ ಅನುಮತಿ ಇಲ್ಲದೆ ಸಂರಕ್ಷಿತ ಪ್ರಾಣಿಯನ್ನು ಕೊಂದರೆ, ಅದು ಬೆಳೆ ತಿಂದಿದ್ದರೂ ಅಪರಾಧವೇ. ಅವಧಿ ಮುಗಿದ ದಿನವೇ ‘ವರ್ಮಿನ್’ ಪಟ್ಟವೂ ಹೋಗುತ್ತದೆ.