ಅರೆ, ಕಾಲು, ವೀಸ



ಎಂಟಾಣೆಯ ಬೆಲ್ಲ, ನಾಲ್ಕಾಣೆಯ ಎಣ್ಣೆ, ಒಂದಾಣೆಯ ಎಲೆ-ಅಡಿಕೆ. ಸಂತೆಗೆ ಹೋದ ಅಜ್ಜಿ ಒಂದು ರೂಪಾಯಿ ಕೊಟ್ಟು ಮೂರಾಣೆ ಚಿಲ್ಲರೆಗೆ ಕೈಯೊಡ್ಡುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದವಳು ಮಾಡಿದ್ದು ಭಿನ್ನರಾಶಿಗಳ ಸಂಕಲನವನ್ನೇ. ಅರೆ, ಕಾಲು, ವೀಸ ಕೂಡಿದರೆ ಹದಿನಾರರಲ್ಲಿ ಹದಿಮೂರು. ಹದಿನಾರನೆಯ ಒಂದು ಪಾಲಿಗೆ ನಮ್ಮಲ್ಲಿ ವೀಸ, ತೆಲುಗಿನಲ್ಲಿ ವೀಸಮು. ಎರಡೂ ಮಾತಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರೆಯನ್ನು ಮುರಿದರೆ ಕಾಲು, ಕಾಲನ್ನು ಮುರಿದರೆ ಅರೆಕಾಲು, ಅದನ್ನೂ ಮುರಿದರೆ ವೀಸ. ಎಲ್ಲವನ್ನೂ ವೀಸಕ್ಕೆ ಇಳಿಸಿ ಕೂಡಿದರಾಯಿತು.

ಮೂರನೆಯ ಒಂದು ಪಾಲು ಬಂತೆಂದರೆ ಮಾತ್ರ ವೀಸ ಕೈಕೊಡುತ್ತದೆ. ಕಣದಲ್ಲಿ ಜೋಳದ ರಾಶಿ ಇದೆಯೆನ್ನಿ. ಅರ್ಧ ಮನೆಗೆ, ಮೂರನೆಯ ಒಂದು ಪಾಲು ಸಾಹುಕಾರನ ಸಾಲಕ್ಕೆ, ಎಂಟನೆಯ ಒಂದು ಪಾಲು ಆಳುಗಳಿಗೆ. ಬಿತ್ತನೆಗೆ ಉಳಿದದ್ದೆಷ್ಟು? ಎರಡು, ಮೂರು, ಎಂಟನ್ನು ಗುಣಿಸಿದರೆ 48. ಆದರೆ ಅಷ್ಟು ದೊಡ್ಡ ಸಂಖ್ಯೆ ಬೇಕಿಲ್ಲ, ಮೂರಕ್ಕೂ ಸಲ್ಲುವ 24 ಸಾಕು. ಹನ್ನೆರಡು, ಎಂಟು, ಮೂರು ಸೇರಿ 23. ರಾಶಿ 24 ಚೀಲವಾದರೆ ಬೀಜಕ್ಕೆ ಒಂದೇ ಚೀಲ. ಸಾಹುಕಾರ ಮೂರನೆಯ ಒಂದರ ಬದಲು ಎಂಟರಲ್ಲಿ ಮೂರು ಪಾಲು ಅಳೆದುಕೊಂಡನೋ, ಅವನಿಗೆ ಒಂಬತ್ತು ಚೀಲ. ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದು. ಬಿತ್ತನೆಗೆ ಒಂದು ಕಾಳೂ ಇಲ್ಲ!

ಈ 24ರಂಥ ಸಂಖ್ಯೆಗೆ 'ನಿರುದ್ಧ' ಎಂದು ಹೆಸರಿಟ್ಟು, ಭಿನ್ನರಾಶಿ ಕೂಡಲು ಬಳಸಿದವನು ಮಹಾವೀರಾಚಾರ್ಯ. ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ ಈತ, ಮೊದಲಲ್ಲೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿದ್ದಾನೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಕಾಗಿಣಾ ದಂಡೆಯ ಇಂದಿನ ಮಳಖೇಡ. ತಾಂಡೂರಿನ ಕಡೆಯವರಿಗೆ ಹತ್ತಿರದ ಊರೇ. ಮುಂದೆ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ' ಬರೆದ. ಹೀಗೆ ಗಡಿಯ ಎರಡೂ ಭಾಷೆಗಳಿಗೆ ಲೆಕ್ಕದ ಪುಸ್ತಕ ಬಂತು.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವೆಲ್ಲಿ? ಸರ್ಕಾರದ ಕೋಷ್ಟಕದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ನಯಾಪೈಸೆ. ನಮ್ಮ ಅಜ್ಜಿ ಚಿಲ್ಲರೆಯನ್ನು ಒಂದೊಂದೇ ಆಣೆಯ ಲೆಕ್ಕದಲ್ಲಿ ಪಡೆದಿದ್ದರೆ ಹದಿನೆಂಟೇ ಸಿಗುತ್ತಿತ್ತು. ಮೂರನ್ನೂ ಕೂಡಿ ಕೇಳಿದವಳಿಗೆ ಒಂದು ನಯಾಪೈಸೆ ಹೆಚ್ಚು.